ನಾಲ್ಕು ಸರ್ವರ್, ಒಂದು ಕ್ಲಸ್ಟರ್: ಕುಬರ್ನೆಟಿಸ್ ಕಟ್ಟಲು ಹೊರಟಿದ್ದೇನೆ, ಎಲ್ಲಿ ಎಡವುತ್ತಿದ್ದೇನೆ?

ನಾಲ್ಕುಪೆಟ್ಟಿಗೆ · ಸೋಮವಾರ, ರಾತ್ರಿ 10:40

ಬಾಡಿಗೆಗೆ ಪಡೆದ ನಾಲ್ಕು ಸರ್ವರ್‌ಗಳು ನನ್ನ ಉಸ್ತುವಾರಿಯಲ್ಲಿವೆ. ಮೂರು ಒಂದೇ ಬಗೆಯವು: ತಲಾ 4 ಕೋರ್, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ. ನಾಲ್ಕನೆಯದು ಹಳೆಯದು, 32 ಜಿಬಿ ಮೆಮೊರಿ ಇದ್ದರೂ ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್. ಇವುಗಳ ಮೇಲೆ 11 ಸೇವೆಗಳು ಡಾಕರ್ ಕಂಪೋಸ್‌ನಲ್ಲಿ (ಕಂಟೇನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ತಂತ್ರಾಂಶ ಓಡಿಸುವ ಸಾಧನ) ಓಡುತ್ತಿವೆ. ಹಳೆಯ ಪೆಟ್ಟಿಗೆಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಯಾವ ಸೇವೆ ಎಲ್ಲಿದೆ ಎಂಬ ಮಾಹಿತಿ ಅರ್ಧ ನನ್ನ ತಲೆಯಲ್ಲಿದೆ, ಉಳಿದರ್ಧ ಒಂದು ನೋಟ್‌ಪುಸ್ತಕದಲ್ಲಿದೆ.

ಕಳೆದ ತಿಂಗಳು ರಾತ್ರಿ ಎರಡೂವರೆಗೆ ಎರಡನೆಯ ಸರ್ವರ್ ಸತ್ತಿತು. ನಾನು ಎದ್ದು ನೋಡುವ ಹೊತ್ತಿಗೆ ಬೆಳಗಾಗಿತ್ತು. ಅದರಲ್ಲಿದ್ದ ನಾಲ್ಕು ಸೇವೆಗಳನ್ನು ಬೇರೆಡೆಗೆ ಕೈಯಾರೆ ಎಬ್ಬಿಸಿ ಮುಗಿಸುವಷ್ಟರಲ್ಲಿ ಒಟ್ಟು ಆರು ಗಂಟೆ ಹೋಯಿತು. ಸರ್ವರ್‌ಗಳನ್ನು ಒಂದು ಕ್ಲಸ್ಟರ್ ಆಗಿ ಜೋಡಿಸಿ, ಒಂದು ಸತ್ತರೆ ಸೇವೆಗಳನ್ನು ಬೇರೆಡೆ ತಾನೇ ಎಬ್ಬಿಸುವ ಕುಬರ್ನೆಟಿಸ್ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಹೊಸ ಮೂರು ಸರ್ವರ್‌ಗಳಲ್ಲಿ ಕ್ಯೂಬ್‌ಎಡಿಎಂ (ಕುಬರ್ನೆಟಿಸ್ ಹೂಡುವ ಸಾಧನ) ಹಾಕಿ, ಮೊದಲನೆಯದರಲ್ಲಿ ಅದರ ಇನಿಟ್ ಆಜ್ಞೆ ಓಡಿಸಿ, ಎರಡನೆಯದನ್ನು ಸೇರಿಸಿದ್ದೇನೆ. ಎರಡೂ "ನಾಟ್ ರೆಡಿ" ಎನ್ನುತ್ತಿವೆ. ಕ್ಲಸ್ಟರ್‌ನೊಳಗೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಕೋರ್‌ಡಿಎನ್‌ಎಸ್‌ನ ಪಾಡ್‌ಗಳು (ಪಾಡ್ ಎಂದರೆ ಒಟ್ಟಿಗೆ ಓಡುವ ಕಂಟೇನರ್‌ಗಳ ಘಟಕ) "ಪೆಂಡಿಂಗ್" ಎಂದು ಕುಳಿತು ಎರಡು ಗಂಟೆಯಾಯಿತು. ಎರಡು ಸರ್ವರ್‌ಗಳನ್ನು ಕಂಟ್ರೋಲ್ ಪ್ಲೇನ್ (ಕ್ಲಸ್ಟರನ್ನು ಆಳುವ ಭಾಗ) ಮಾಡಿ ಉಳಿದೆರಡನ್ನು ಕೆಲಸಕ್ಕೆ ಹಚ್ಚುವ ಯೋಜನೆ ನನ್ನದು. ಸರಿಯೇ?

ಸರಳಜೀವಿ · ಸೋಮವಾರ, ರಾತ್ರಿ 11:05

ಹನ್ನೊಂದು ಸೇವೆಗಳಿಗೆ ಕುಬರ್ನೆಟಿಸ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಡಾಕರ್ ಒಳಗೇ ಇದೇ ಕೆಲಸ ಮಾಡುವ ಸ್ವಾರ್ಮ್ ಇದೆ, 2016ರ 1.12 ಆವೃತ್ತಿಯಿಂದಲೂ ಇದೆ. ಒಂದರಲ್ಲಿ ಸ್ವಾರ್ಮ್ ಇನಿಟ್, ಉಳಿದವುಗಳಲ್ಲಿ ಜಾಯಿನ್, ಅಲ್ಲಿಗೆ ಮುಗಿಯಿತು. 2377, 7946, 4789 ಈ ಮೂರು ಪೋರ್ಟ್‌ಗಳನ್ನು ಸರ್ವರ್‌ಗಳ ನಡುವೆ ತೆರೆದರೆ ಸಾಕು. ನಿಮ್ಮ ಕಂಪೋಸ್ ಕಡತಗಳು ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಹಾಗೆಯೇ ನಡೆಯುತ್ತವೆ. ಸರ್ವರ್ ಸತ್ತರೆ ಕಂಟೇನರ್‌ಗಳು ಬೇರೆ ಕಡೆ ಏಳುತ್ತವೆ. ನಿಮಗೆ ಬೇಕಾಗಿರುವುದು ಇದೇ ಅಲ್ಲವೇ?

ನಾನು ಮೂರು ವರ್ಷಗಳಿಂದ ಐದು ಸರ್ವರ್‌ಗಳ ಸ್ವಾರ್ಮ್ ನಡೆಸುತ್ತಿದ್ದೇನೆ. ಅದರ ಬಗ್ಗೆ ಬರೆಯಲು ನನ್ನ ಬಳಿ ಒಂದೂ ರೋಚಕ ಕಥೆಯಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಇರುಳುಪಾಳಿ · ಸೋಮವಾರ, ರಾತ್ರಿ 11:50

ಸರಳಜೀವಿ ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ನಾಲ್ಕುಪೆಟ್ಟಿಗೆ ಅವರು ಯಾವುದನ್ನೇ ಆರಿಸಿಕೊಂಡರೂ "ಎರಡು ಕಂಟ್ರೋಲ್ ಪ್ಲೇನ್" ಎಂಬ ಯೋಚನೆಯನ್ನು ಈಗಲೇ ಬಿಡಬೇಕು. ಸ್ವಾರ್ಮ್‌ನ ಮ್ಯಾನೇಜರ್‌ಗಳಿಗೂ ಕುಬರ್ನೆಟಿಸ್‌ನ ಎಟ್ಸಿಡಿಗೂ (ಕ್ಲಸ್ಟರ್‌ನ ಸ್ಥಿತಿಯನ್ನು ಬರೆದಿಡುವ ದಾಸ್ತಾನು) ಒಳಗಿರುವುದು ಒಂದೇ ರಾಫ್ಟ್ ಪದ್ಧತಿ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದೆ ಅಲ್ಲಿ ಒಂದಕ್ಷರವೂ ಬರೆಯಲ್ಪಡುವುದಿಲ್ಲ.

ಇಬ್ಬರಿದ್ದರೆ ಬಹುಮತಕ್ಕೆ ಇಬ್ಬರೂ ಬೇಕು. ಅಂದರೆ ಒಬ್ಬ ಸತ್ತರೂ ಕ್ಲಸ್ಟರ್‌ನ ಕೈಕಟ್ಟು. ಒಂದೇ ಇದ್ದಾಗ ಸಾಯುವ ಸಾಧ್ಯತೆ ಇದ್ದದ್ದು ಒಂದು ಪೆಟ್ಟಿಗೆಗೆ. ಈಗ ಎರಡರಲ್ಲಿ ಯಾವುದು ಸತ್ತರೂ ಅದೇ ಗತಿ. ದುಡ್ಡು ಕೊಟ್ಟು ಅಪಾಯವನ್ನು ದುಪ್ಪಟ್ಟು ಮಾಡಿಕೊಂಡಂತೆ. ಮೂವರಿದ್ದರೆ ಒಬ್ಬ ಹೋದರೂ ನಡೆಯುತ್ತದೆ. ನಾಲ್ವರಿದ್ದರೂ ಒಬ್ಬನ ಸಾವನ್ನಷ್ಟೇ ತಾಳಿಕೊಳ್ಳುತ್ತದೆ, ಏಕೆಂದರೆ ಬಹುಮತಕ್ಕೆ ಮೂವರು ಬೇಕು. ಐವರಿದ್ದರೆ ಇಬ್ಬರು. ಎತ್ತು ಏರಿಗೆ ಕೋಣ ನೀರಿಗೆ ಎಂದು ಕ್ಲಸ್ಟರ್ ಎರಡಾಗಿ ಸೀಳಿ ಎರಡೂ ಕಡೆ ಬೇರೆ ಬೇರೆ ಬರವಣಿಗೆ ನಡೆಯದಿರಲಿ ಎಂದೇ ಈ ಕಟ್ಟುನಿಟ್ಟು.

ಹಾಗಾಗಿ ಮೂರು ಎಸ್‌ಎಸ್‌ಡಿ ಸರ್ವರ್‌ಗಳನ್ನೂ ಕಂಟ್ರೋಲ್ ಪ್ಲೇನ್ ಮಾಡಿ. ಅವುಗಳ ಮೇಲಿನ ಟೇಂಟ್ (ಪಾಡ್‌ಗಳನ್ನು ದೂರವಿಡುವ ಗುರುತು) ತೆಗೆದುಬಿಟ್ಟರೆ ನಿಮ್ಮ ಸೇವೆಗಳೂ ಅಲ್ಲಿಯೇ ಓಡುತ್ತವೆ. ದೊಡ್ಡ ಕಚೇರಿಗಳಲ್ಲಿ ಇದಕ್ಕೆ ಮೂಗು ಮುರಿಯುತ್ತಾರೆ, ಆದರೆ ನಾಲ್ಕು ಪೆಟ್ಟಿಗೆಯವರಿಗೆ ಅಂಥ ಮಡಿ ಕಟ್ಟುಪಾಡು ಬೇಡ.

ಹಾರ್ಡ್ ಡಿಸ್ಕ್‌ನ ಪೆಟ್ಟಿಗೆಯನ್ನು ಎಟ್ಸಿಡಿಯ ಹತ್ತಿರ ಸುಳಿಯಗೊಡಬೇಡಿ. ಎಟ್ಸಿಡಿ ಪ್ರತಿ ಬರವಣಿಗೆಯನ್ನೂ ಡಿಸ್ಕ್‌ಗೆ ಇಳಿಸಿ, ಇಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಕ್ಕೆ ಹೋಗುತ್ತದೆ. ನೂರರಲ್ಲಿ 99 ಸಲ ಆ ಖಾತ್ರಿ 10 ಮಿಲಿಸೆಕೆಂಡಿನೊಳಗೆ ಸಿಗಬೇಕೆಂಬುದು ಅದರವರ ಸಲಹೆ. ನಾಯಕನ ನಾಡಿಬಡಿತ ಪ್ರತಿ 100 ಮಿಲಿಸೆಕೆಂಡಿಗೊಮ್ಮೆ. 1000 ಮಿಲಿಸೆಕೆಂಡು ಬಡಿತ ಕೇಳಿಸದಿದ್ದರೆ ಉಳಿದವರು ಚುನಾವಣೆ ಶುರುಮಾಡುತ್ತಾರೆ. ಡಿಸ್ಕ್ ಏದುಸಿರು ಬಿಡುತ್ತಿದ್ದರೆ ದಿನವಿಡೀ ಚುನಾವಣೆಯೇ.

ಇನ್ನೊಂದು ಮಾತು, ಇದನ್ನು ಈಗ ತಪ್ಪಿದರೆ ಆಮೇಲೆ ಸರಿಪಡಿಸುವುದು ತಲೆನೋವು: ಇನಿಟ್ ಓಡಿಸುವಾಗ "ಕಂಟ್ರೋಲ್ ಪ್ಲೇನ್ ಎಂಡ್‌ಪಾಯಿಂಟ್" (ಎಲ್ಲರೂ ಕಂಟ್ರೋಲ್ ಪ್ಲೇನನ್ನು ತಲುಪುವ ವಿಳಾಸ) ಕೊಟ್ಟಿದ್ದೀರಾ? ಕೊಡದಿದ್ದರೆ ಮೊದಲ ಸರ್ವರ್‌ನ ಐಪಿ ವಿಳಾಸವೇ ಎಲ್ಲ ಸರ್ಟಿಫಿಕೇಟ್‌ಗಳಲ್ಲೂ ಸಂರಚನೆಗಳಲ್ಲೂ ಅಚ್ಚಾಗಿರುತ್ತದೆ. ಅಲ್ಲಿ ಐಪಿ ಬೇಡ, ಒಂದು ಹೆಸರು ಕೊಡಿ.

ನಾಲ್ಕುಪೆಟ್ಟಿಗೆ · ಮಂಗಳವಾರ, ಬೆಳಿಗ್ಗೆ 8:15

ಕೊಟ್ಟಿಲ್ಲ. ಅಂದರೆ ಮೊದಲಿನಿಂದ ಮತ್ತೆ ಹೂಡಬೇಕು. ಸದ್ಯ ಅದರಲ್ಲಿ ಇನ್ನೂ ಏನೂ ಇಲ್ಲ.

ಸರಳಜೀವಿ ಅವರೇ, ಸ್ವಾರ್ಮ್ ಬಗ್ಗೆ ಗಂಭೀರವಾಗಿಯೇ ಯೋಚಿಸಿದೆ. ಆದರೆ ಮುಂದೆ ನನ್ನ ಜಾಗಕ್ಕೆ ಬರುವವರಿಗೆ ಕುಬರ್ನೆಟಿಸ್ ಗೊತ್ತಿರುವ ಸಾಧ್ಯತೆ ಹೆಚ್ಚು. ನನಗೂ ಕಲಿಯುವ ಆಸೆಯಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ "ನಾಟ್ ರೆಡಿ" ಏಕೆ? ಸರ್ವರ್‌ಗಳ ನಡುವಿನ ಖಾಸಗಿ ಜಾಲ 192.168.40.0/24. ಪಾಡ್‌ಗಳಿಗೆ 192.168.0.0/16 ಕೊಟ್ಟಿದ್ದೇನೆ, ಒಂದು ಮಾರ್ಗದರ್ಶಿಯಲ್ಲಿ ಹಾಗೆಯೇ ಇತ್ತು.

ತಂತಿಜಾಲ · ಮಂಗಳವಾರ, ಬೆಳಿಗ್ಗೆ 9:30

"ನಾಟ್ ರೆಡಿ"ಗೆ ಕಾರಣ ಸರಳ: ನೀವು ಪಾಡ್ ಜಾಲವನ್ನೇ ಹಾಕಿಲ್ಲ. ಕುಬರ್ನೆಟಿಸ್ ಆ ಕೆಲಸವನ್ನು ತಾನು ಮಾಡುವುದಿಲ್ಲ, ಸಿಎನ್‌ಐ ಎಂಬ ಜಾಲ ಜೋಡಿಸುವ ಪ್ಲಗಿನ್‌ಗೆ ಬಿಡುತ್ತದೆ. ಫ್ಲಾನೆಲ್, ಕ್ಯಾಲಿಕೊ, ಸಿಲಿಯಮ್ ಇವುಗಳಲ್ಲಿ ಯಾವುದಾದರೊಂದು ಬರುವವರೆಗೆ ನೋಡ್‌ಗಳು (ಕ್ಲಸ್ಟರ್‌ನ ಸರ್ವರ್‌ಗಳು) ಹಾಗೆಯೇ ಇರುತ್ತವೆ, ಕೋರ್‌ಡಿಎನ್‌ಎಸ್ ಕೂಡ ಕಾಯುತ್ತದೆ. ಇದು ದೋಷವಲ್ಲ.

ದೋಷ ಇರುವುದು ನಿಮ್ಮ ಕೊನೆಯ ಸಾಲಿನಲ್ಲಿ. 192.168.0.0/16 ಎಂಬುದು ಕ್ಯಾಲಿಕೊದ ಪೂರ್ವನಿಗದಿತ ವಿಳಾಸ ವಲಯ. ನಿಮ್ಮ ಖಾಸಗಿ ಜಾಲ ಪೂರ್ತಿಯಾಗಿ ಅದರ ಹೊಟ್ಟೆಯೊಳಗೆ ಕುಳಿತಿದೆ. ಯಾವುದೋ ಒಂದು ದಿನ 192.168.40.12 ಎಂಬ ವಿಳಾಸ ಪಾಡ್‌ನದೋ ಸರ್ವರ್‌ನದೋ ಎಂದು ಕರ್ನಲ್‌ಗೇ ತಿಳಿಯದ ಪರಿಸ್ಥಿತಿ ಬರುತ್ತದೆ. 10.244.0.0/16 ಕೊಡಿ. ಫ್ಲಾನೆಲ್ ಅದನ್ನೇ ನಿರೀಕ್ಷಿಸುತ್ತದೆ, ಸೇವೆಗಳ ಪೂರ್ವನಿಗದಿತ ವಲಯವಾದ 10.96.0.0/12ಕ್ಕೂ ಅದು ತಾಗುವುದಿಲ್ಲ. ಪಾಡ್‌ಗಳ ನಡುವೆ ಯಾರು ಯಾರೊಡನೆ ಮಾತನಾಡಬಹುದು ಎಂಬ ನಿರ್ಬಂಧ ಬೇಕಿದ್ದರೆ ಮಾತ್ರ ಕ್ಯಾಲಿಕೊ ಅಥವಾ ಸಿಲಿಯಮ್ ನೋಡಿ. ಫ್ಲಾನೆಲ್ ಒಂದೇ ಇದ್ದರೆ ನೀವು ಬರೆದ ನೆಟ್‌ವರ್ಕ್ ಪಾಲಿಸಿಯನ್ನು ಯಾರೂ ಜಾರಿಗೊಳಿಸುವುದಿಲ್ಲ. ದೂರನ್ನೂ ಹೇಳುವುದಿಲ್ಲ, ಸುಮ್ಮನಿರುತ್ತದೆ.

ಮತ್ತೆ ಇನಿಟ್ ಓಡಿಸುವ ಮುನ್ನ ಪ್ರತಿ ಸರ್ವರ್‌ನಲ್ಲೂ ನೋಡಬೇಕಾದದ್ದು:

ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಬಳಸುವ ಏರ್ಪಾಡು) ಆಫ್ ಮಾಡಿರಬೇಕು, ರೀಬೂಟ್ ಆದ ಮೇಲೂ ಆಫ್ ಆಗಿಯೇ ಇರಬೇಕು. ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಏರಿರಬೇಕು, ಐಪಿ ಫಾರ್ವರ್ಡ್ 1 ಆಗಿರಬೇಕು. ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿಯ ಸಂರಚನೆಯಲ್ಲಿ "ಸಿಸ್ಟಮ್‌ಡಿ ಸಿಗ್ರೂಪ್" ಟ್ರೂ ಆಗಿರಬೇಕು. ಇದನ್ನು ಮರೆತವರು ಬಹಳ, ಏಕೆಂದರೆ ಮರೆತರೂ ಕ್ಲಸ್ಟರ್ ಏಳುತ್ತದೆ, ಒತ್ತಡ ಬಿದ್ದಾಗ ವಿಚಿತ್ರವಾಗಿ ಕುಸಿಯುತ್ತದೆ. ಫೈರ್‌ವಾಲ್‌ನಲ್ಲಿ ಪೋರ್ಟ್ 6443, 2379 ಮತ್ತು 2380, 10250, ಜೊತೆಗೆ ಫ್ಲಾನೆಲ್‌ಗಾಗಿ ಯುಡಿಪಿ 8472 ಇವು ಸರ್ವರ್‌ಗಳ ನಡುವೆ ಮಾತ್ರ ತೆರೆದಿರಲಿ. ಎಟ್ಸಿಡಿಯ ಪೋರ್ಟ್ ಹೊರಜಗತ್ತಿಗೆ ತೆರೆದಿದ್ದರೆ ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಮೂರೂ ಸರ್ವರ್‌ಗಳು ಒಂದೇ ಅಚ್ಚಿನಿಂದ ನಕಲಾಗಿದ್ದರೆ ಅವುಗಳ ಮ್ಯಾಕ್ ವಿಳಾಸವೂ ಪ್ರಾಡಕ್ಟ್ ಯುಯುಐಡಿಯೂ ಬೇರೆ ಬೇರೆ ಇವೆಯೇ ಎಂದು ಖಚಿತಪಡಿಸಿಕೊಳ್ಳಿ.

ಮತ್ತೊಂದು: ಕ್ಯೂಬ್‌ಎಡಿಎಂ ರೀಸೆಟ್ ಹಳೆಯ ಸಿಎನ್‌ಐ ಕಡತಗಳನ್ನೂ ಐಪಿ-ಟೇಬಲ್ಸ್ ನಿಯಮಗಳನ್ನೂ ಅಳಿಸುವುದಿಲ್ಲ. ನೀವೇ ಗುಡಿಸಬೇಕು.

ಹೊಸಬ · ಮಂಗಳವಾರ, ಮಧ್ಯಾಹ್ನ 1:10

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸ್ವಾಪ್ ಕಂಡರೆ ಕುಬರ್ನೆಟಿಸ್‌ಗೆ ಏಕೆ ಅಷ್ಟು ಸಿಟ್ಟು? ನನ್ನ ಸಣ್ಣ ಸರ್ವರ್‌ಗಳು ಸ್ವಾಪ್ ಇದ್ದದ್ದರಿಂದಲೇ ಬದುಕಿವೆ.

ಇರುಳುಪಾಳಿ · ಮಂಗಳವಾರ, ಮಧ್ಯಾಹ್ನ 1:40

ಇದಕ್ಕೆ ಇಷ್ಟು ಮೆಮೊರಿ, ಅದಕ್ಕೆ ಅಷ್ಟು ಎಂದು ಲೆಕ್ಕ ಹಾಕಿ ಪಾಡ್‌ಗಳನ್ನು ಹಂಚುವುದು ಶೆಡ್ಯೂಲರ್‌ನ ಕೆಲಸ. ಮೆಮೊರಿ ಸದ್ದಿಲ್ಲದೆ ಡಿಸ್ಕ್‌ಗೆ ಸರಿದರೆ ಆ ಲೆಕ್ಕ ಸುಳ್ಳಾಗುತ್ತದೆ. ಪಾಡ್ ಸಾಯುವುದೂ ಇಲ್ಲ, ಕೆಲಸ ಮಾಡುವುದೂ ಇಲ್ಲ. ಸತ್ತರೆ ಬೇರೊಂದನ್ನು ಎಬ್ಬಿಸಬಹುದು, ತೆವಳುವುದನ್ನು ಏನು ಮಾಡುವುದು? ಆದ್ದರಿಂದ ಸ್ವಾಪ್ ಕಂಡರೆ, ಪ್ರತಿ ಸರ್ವರ್‌ನಲ್ಲೂ ಪಾಡ್‌ಗಳನ್ನು ಎಬ್ಬಿಸುವ ಕ್ಯೂಬ್‌ಲೆಟ್ ಏಳಲು ಒಪ್ಪುವುದಿಲ್ಲ. ಈಚಿನ ಆವೃತ್ತಿಗಳಲ್ಲಿ ಬೇಕೆಂದೇ ಅನುಮತಿಸುವ ದಾರಿ ಇದೆ, ಮೊದಲ ಕ್ಲಸ್ಟರ್‌ಗೆ ಆ ಉಸಾಬರಿ ಬೇಡ.

ಬಾಯಿ ಹಾಕಿದ್ದಕ್ಕೆ ಕ್ಷಮೆ ಏಕೆ, ಒಳ್ಳೆಯ ಪ್ರಶ್ನೆ.

ನಾಲ್ಕುಪೆಟ್ಟಿಗೆ · ಬುಧವಾರ, ಬೆಳಿಗ್ಗೆ 11:25

ಮತ್ತೆ ಹೂಡಿದೆ. ಎಂಡ್‌ಪಾಯಿಂಟ್‌ಗೆ ಹೆಸರು ಕೊಟ್ಟೆ. ಮೂರೂ ಸರ್ವರ್‌ಗಳ ನಡುವೆ ಒಂದೇ ಐಪಿ ಓಡಾಡುವಂತೆ ಕೀಪ್‌ಅಲೈವ್‌ಡಿ ಹಾಕಲು ನೋಡಿದೆ; ನಮ್ಮ ಪೂರೈಕೆದಾರರ ಖಾಸಗಿ ಜಾಲ ಅದನ್ನು ಬಿಡುವುದಿಲ್ಲ, ಒಂದು ಸರ್ವರ್ ಮತ್ತೊಂದರ ವಿಳಾಸವನ್ನು ತನ್ನದೆಂದು ಸಾರಿದರೆ ಅಲ್ಲಿಯೇ ತಡೆಯುತ್ತದೆ. ಕೊನೆಗೆ ಪ್ರತಿ ಸರ್ವರ್‌ನಲ್ಲೂ ಒಂದೊಂದು ಎಚ್‌ಎ ಪ್ರಾಕ್ಸಿ ಹಾಕಿ, ಅದು 8443ರಲ್ಲಿ ಕೇಳಿ ಮೂರೂ ಎಪಿಐ ಸರ್ವರ್‌ಗಳ (ಕ್ಲಸ್ಟರ್‌ಗೆ ಬರುವ ಆಜ್ಞೆಗಳನ್ನು ಪಡೆಯುವ ಭಾಗ) 6443ಕ್ಕೆ ಹಂಚುವಂತೆ ಮಾಡಿದೆ. ಆ ಹೆಸರು ಹೋಸ್ಟ್ಸ್ ಕಡತದಲ್ಲಿ 127.0.0.1ಕ್ಕೆ ತೋರಿಸುತ್ತದೆ. ಪ್ರತಿಯೊಂದೂ ತನ್ನ ಬಾಗಿಲಿನಿಂದಲೇ ಉಳಿದವರ ಮನೆಗೆ ಹೋಗುವ ಏರ್ಪಾಡು.

ಎರಡನೆಯದನ್ನು ನಿನ್ನೆ ರಾತ್ರಿಯೇ ಸೇರಿಸಿದೆ, ಮೂರನೆಯದನ್ನು ಬೆಳಿಗ್ಗೆ ಸೇರಿಸಲು ಹೋದರೆ ಒಳಗೆ ಬಿಡಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ತಿಳಿಯಿತು: ಜಾಯಿನ್ ಟೋಕನ್ 24 ಗಂಟೆ ಬಾಳುತ್ತದೆ, ಆದರೆ ಕಂಟ್ರೋಲ್ ಪ್ಲೇನ್ ಆಗಿ ಸೇರಲು ಬೇಕಾದ ಸರ್ಟಿಫಿಕೇಟ್‌ಗಳು ಎರಡೇ ಗಂಟೆಯಲ್ಲಿ ಅಳಿಸಿಹೋಗುತ್ತವೆ. ಮತ್ತೆ ಏರಿಸಿ ಹೊಸ ಕೀಲಿ ಪಡೆದೆ.

ಈಗ ಮೂರೂ "ರೆಡಿ". ಆದರೆ ಹೊಸ ಒಗಟು ಎದುರಾಗಿದೆ. ಒಂದು ಸರ್ವರ್‌ನ ಪಾಡ್‌ನಿಂದ ಇನ್ನೊಂದು ಸರ್ವರ್‌ನ ಪಾಡ್‌ಗೆ ಪಿಂಗ್ ಹೋಗುತ್ತದೆ. ಸೇವೆಯ "ಆರೋಗ್ಯ ಹೇಗಿದೆ" ಪುಟ ತಕ್ಷಣ ಉತ್ತರಿಸುತ್ತದೆ. ಆದರೆ ಉತ್ಪನ್ನಗಳ ಪಟ್ಟಿ ಕೇಳಿದರೆ ಸಂಪರ್ಕ ಆಗುತ್ತದೆ, ಉತ್ತರ ಬರುವುದೇ ಇಲ್ಲ, ಕಾದು ಕಾದು ಕಡಿಯುತ್ತದೆ. ಎರಡೂ ಪಾಡ್‌ಗಳು ಒಂದೇ ಸರ್ವರ್‌ನಲ್ಲಿದ್ದರೆ ಯಾವ ತೊಂದರೆಯೂ ಇಲ್ಲ. ದಾಖಲೆಗಳಲ್ಲಿ ಒಂದು ಸಾಲಿನ ದೋಷವೂ ಇಲ್ಲ. ಮೂರು ಗಂಟೆ ಕಳೆದಿದ್ದೇನೆ.

ತಂತಿಜಾಲ · ಬುಧವಾರ, ಮಧ್ಯಾಹ್ನ 12:00

ಚಿಕ್ಕದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ, ಒಂದೇ ಪೆಟ್ಟಿಗೆಯೊಳಗೆ ಎಲ್ಲ ಸರಿ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ ಸಮಸ್ಯೆ. ಕಣ್ಣು ಮುಚ್ಚಿ ಹೇಳಬಲ್ಲೆ, ಆದರೂ ಅಳೆದೇ ನೋಡೋಣ.

ಪಾಡ್ ಬಿಡಿ, ಸರ್ವರ್‌ನಿಂದ ಸರ್ವರ್‌ಗೆ ಖಾಸಗಿ ವಿಳಾಸದಲ್ಲಿ ಪಿಂಗ್ ಮಾಡಿ. ತುಂಡರಿಸಬಾರದು ಎಂಬ ಆಯ್ಕೆ ಹಾಕಿ, ಗಾತ್ರ 1472 ಕೊಡಿ. ಅದಕ್ಕೆ ಐಪಿ ಮತ್ತು ಐಸಿಎಂಪಿ ತಲೆಬರಹದ 28 ಬೈಟ್ ಸೇರಿದರೆ ಸರಿಯಾಗಿ 1500 ಆಗುತ್ತದೆ. ಹೋಗದಿದ್ದರೆ ಇಳಿಸುತ್ತ ಬನ್ನಿ, ಹೋಗುವ ಅತಿ ದೊಡ್ಡ ಗಾತ್ರವನ್ನು ಇಲ್ಲಿ ಬರೆಯಿರಿ. ಜೊತೆಗೆ ನೋಡ್‌ಗಳ ಪಟ್ಟಿಯಲ್ಲಿ "ಇಂಟರ್ನಲ್ ಐಪಿ" ಎಂದು ಯಾವುದು ತೋರುತ್ತಿದೆ ನೋಡಿ.

ನಾಲ್ಕುಪೆಟ್ಟಿಗೆ · ಬುಧವಾರ, ಮಧ್ಯಾಹ್ನ 12:35

1472 ಹೋಗಲಿಲ್ಲ. 1440 ಇಲ್ಲ. 1423 ಇಲ್ಲ. 1422 ಹೋಯಿತು.

ಇಂಟರ್ನಲ್ ಐಪಿ ಎಂದು ತೋರುತ್ತಿರುವುದು ಮೂರರಲ್ಲೂ ಖಾಸಗಿ ವಿಳಾಸವೇ; ಕ್ಯೂಬ್‌ಲೆಟ್‌ಗೆ ನೋಡ್ ಐಪಿಯನ್ನು ಕೈಯಾರೆ ಕೊಟ್ಟಿದ್ದೆ, ಫ್ಲಾನೆಲ್‌ಗೂ ಇಂಟರ್‌ಫೇಸ್ ಹೆಸರು ಹೇಳಿದ್ದೆ. ಆದರೆ ಆ ಇಂಟರ್‌ಫೇಸ್ ತನ್ನ ಎಂಟಿಯು 1500 ಎನ್ನುತ್ತಿದೆಯಲ್ಲ?

ತಂತಿಜಾಲ · ಬುಧವಾರ, ಮಧ್ಯಾಹ್ನ 12:50

ಇಂಟರ್‌ಫೇಸ್ ಸುಳ್ಳು ಹೇಳುತ್ತಿದೆ. 1422ಕ್ಕೆ 28 ಸೇರಿಸಿ: 1450. ನಿಮ್ಮ ಪೂರೈಕೆದಾರರ ಖಾಸಗಿ ಜಾಲವೇ ಒಂದು ವಿಎಕ್ಸ್‌ಲ್ಯಾನ್ (ಪ್ಯಾಕೆಟ್‌ಗಳಿಗೆ ಇನ್ನೊಂದು ಹೊದಿಕೆ ಹಾಕಿ ಸಾಗಿಸುವ ಜಾಲ) ಆಗಿರಬೇಕು. ಹೊದಿಕೆಗೆ ಅದು 50 ಬೈಟ್ ತಿನ್ನುತ್ತದೆ. ನಿಮ್ಮ ಇಂಟರ್‌ಫೇಸ್‌ಗೆ ಅದನ್ನು ಯಾರೂ ತಿಳಿಸಿಲ್ಲ. ಫ್ಲಾನೆಲ್ ಬಂದು ಇಂಟರ್‌ಫೇಸ್‌ನ 1500 ನೋಡಿ, ತನ್ನ 50 ಕಳೆದು, ಪಾಡ್‌ಗಳಿಗೆ 1450 ಎಂದು ಹೇಳಿತು. ಪಾಡ್ 1450 ಬೈಟ್ ಕಳಿಸಿತು, ಫ್ಲಾನೆಲ್ ಹೊದಿಕೆ ಹಾಕಿ 1500 ಮಾಡಿತು, ಕೆಳಗಿನ ಜಾಲ ಅದನ್ನು ಸದ್ದಿಲ್ಲದೆ ಎಸೆಯಿತು. ಲಕೋಟೆಯೊಳಗೆ ಲಕೋಟೆ, ಹೊರಗಿನದು ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಹಿಡಿಸುತ್ತಿಲ್ಲ. ಆರೋಗ್ಯದ ಪುಟ ನೂರು ಬೈಟ್, ಅದು ಹೇಗೋ ನುಸುಳುತ್ತದೆ.

ಮೂರೂ ಸರ್ವರ್‌ಗಳ ಖಾಸಗಿ ಇಂಟರ್‌ಫೇಸ್‌ಗೆ 1450 ಎಂದು ಶಾಶ್ವತವಾಗಿ ಬರೆಯಿರಿ. ಫ್ಲಾನೆಲ್ ಪಾಡ್‌ಗಳನ್ನು ಮರುಪ್ರಾರಂಭಿಸಿ, ಅದು 1400 ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ನಿಮ್ಮ ಸೇವೆಗಳ ಪಾಡ್‌ಗಳನ್ನೂ ಹೊಸದಾಗಿ ಎಬ್ಬಿಸಬೇಕು. ಈಗಾಗಲೇ ಹುಟ್ಟಿದ ಪಾಡ್ ತಾನು ಹುಟ್ಟಿದಾಗಿನ ಎಂಟಿಯುವನ್ನೇ ಇಟ್ಟುಕೊಂಡಿರುತ್ತದೆ. ಇಲ್ಲಿಯೇ ಬಹಳ ಮಂದಿ "ಸರಿಪಡಿಸಿದೆ, ಆದರೂ ಸರಿಯಾಗಲಿಲ್ಲ" ಎಂದು ಬೇರೆ ದಾರಿ ಹಿಡಿಯುತ್ತಾರೆ.

ನಾಲ್ಕುಪೆಟ್ಟಿಗೆ · ಬುಧವಾರ, ಮಧ್ಯಾಹ್ನ 1:20

ಬಂತು! ಪೂರ್ತಿ ಪಟ್ಟಿ ಬಂತು. ನಿಮಗೆ ದೊಡ್ಡ ನಮಸ್ಕಾರ.

ಸರಳಜೀವಿ · ಬುಧವಾರ, ಮಧ್ಯಾಹ್ನ 2:05

ನ್ಯಾಯವಾಗಿ ಹೇಳಬೇಕೆಂದರೆ ಸ್ವಾರ್ಮ್‌ನ ಓವರ್‌ಲೇ ಜಾಲವೂ ವಿಎಕ್ಸ್‌ಲ್ಯಾನ್. ಈ ಜಾಲದ ಮೇಲೆ ಅದೂ ಹೀಗೆಯೇ ಬೀಳುತ್ತಿತ್ತು. ಇದೊಂದು ಅಂಕ ಬಿಟ್ಟುಕೊಡುತ್ತೇನೆ.

ಆದರೆ ಪೋಸ್ಟ್‌ಗ್ರೆಸ್ ಕಥೆ ಏನು?

ದತ್ತಾಂಶಪಾಲಕ · ಬುಧವಾರ, ಸಂಜೆ 6:30

ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ.

ನನ್ನ ಅಭಿಪ್ರಾಯ ಹಳೆಯ ಕಾಲದ್ದು ಎನ್ನಿಸಬಹುದು: ಪೋಸ್ಟ್‌ಗ್ರೆಸ್ ಎಲ್ಲಿದೆಯೋ ಅಲ್ಲಿಯೇ ಇರಲಿ, ಕ್ಲಸ್ಟರ್‌ನ ಹೊರಗೆ. ಆ ನಾಲ್ಕನೆಯ ಸರ್ವರನ್ನು ಕ್ಲಸ್ಟರ್‌ಗೆ ಸೇರಿಸಲೇಬೇಡಿ. ಸ್ಥಿತಿಯಿಲ್ಲದ ಸೇವೆಗಳನ್ನು ಎತ್ತಿ ಇನ್ನೊಂದು ಕಡೆ ಇಡುವುದು ಕುಬರ್ನೆಟಿಸ್‌ಗೆ ಸಲೀಸು. ದತ್ತಾಂಶಕ್ಕೆ ತೂಕವಿದೆ, ಅದು ಪಾಡ್‌ನ ಹಿಂದೆ ತಾನಾಗಿ ಓಡಿಬರುವುದಿಲ್ಲ.

ಸ್ಥಳೀಯ ಡಿಸ್ಕ್‌ನ ವಾಲ್ಯೂಮ್ ಕೊಟ್ಟರೆ ಪಾಡ್ ಆ ಸರ್ವರ್‌ಗೆ ಕಟ್ಟುಬೀಳುತ್ತದೆ. ಸರ್ವರ್ ಸತ್ತರೆ ಪಾಡ್ "ಪೆಂಡಿಂಗ್". ಲಾಂಗ್‌ಹಾರ್ನ್‌ನಂಥ, ಸರ್ವರ್‌ಗಳ ನಡುವೆ ದತ್ತಾಂಶ ಹಂಚಿಡುವ ಸಂಗ್ರಹ ವ್ಯವಸ್ಥೆ ಹಾಕಿದರೆ ಒಂದೇ ಬರವಣಿಗೆ ಪೂರ್ವನಿಗದಿಯಂತೆ ಮೂರು ಪ್ರತಿಗಳಿಗೆ ಜಾಲದ ಮೂಲಕ ಹೋಗಬೇಕು, ಅದೂ ಎಟ್ಸಿಡಿ ಬಳಸುವ ಅದೇ ಡಿಸ್ಕ್, ಅದೇ ಜಾಲದ ಮೇಲೆ. ಸೆಫ್ ಎಂಬ ಅಂಥದೇ ಇನ್ನೊಂದಕ್ಕೆ ನಿಮ್ಮ ಮೂರು ಪೆಟ್ಟಿಗೆಗಳ ಮೆಮೊರಿ ಉಪ್ಪಿನಕಾಯಿಗೂ ಸಾಲದು.

ಇನ್ನೊಂದು ಮೂಲೆ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಸ್ಟೇಟ್‌ಫುಲ್‌ಸೆಟ್‌ನ (ದತ್ತಾಂಶ ಇಟ್ಟುಕೊಳ್ಳುವ ಸೇವೆಗಳನ್ನು ಓಡಿಸುವ ಬಗೆ) ಪಾಡ್ ಇದ್ದ ಸರ್ವರ್ ಮೌನವಾದರೆ ಕುಬರ್ನೆಟಿಸ್ ಅದರ ಜಾಗದಲ್ಲಿ ಹೊಸದನ್ನು ತಾನಾಗಿ ಎಬ್ಬಿಸುವುದಿಲ್ಲ. ಹಳೆಯದು "ಟರ್ಮಿನೇಟಿಂಗ್" ಎಂದು ನೇತಾಡುತ್ತಿರುತ್ತದೆ. ಕಾರಣ ಸರಿಯಾದದ್ದೇ: ಆ ಸರ್ವರ್ ನಿಜವಾಗಿ ಸತ್ತಿದೆಯೋ, ತಂತಿ ಮಾತ್ರ ಕಡಿದಿದೆಯೋ ಯಾರಿಗೆ ಗೊತ್ತು? ಎರಡು ಪೋಸ್ಟ್‌ಗ್ರೆಸ್‌ಗಳು ಒಂದೇ ಕಡತಕ್ಕೆ ಬರೆದರೆ ಆಮೇಲೆ ಅಳುವುದೊಂದೇ ಉಳಿಯುತ್ತದೆ. ಸರ್ವರ್ ಸತ್ತಿದ್ದು ನಿಜ ಎಂದು ನೀವು ಖಾತ್ರಿಪಡಿಸಿಕೊಂಡು "ಔಟ್ ಆಫ್ ಸರ್ವಿಸ್" ಟೇಂಟ್ ಹಾಕಿದ ಮೇಲೆಯೇ ಅದು ಮುಂದುವರಿಯುತ್ತದೆ.

ಸರಳಜೀವಿ · ಬುಧವಾರ, ಸಂಜೆ 7:00

ಹಾಗಾದರೆ ಲೆಕ್ಕ ಹೀಗಾಯಿತು: 11 ಸೇವೆಗಳನ್ನು ಮೂರು ಸರ್ವರ್‌ಗಳ ಮೇಲೆ ಸಾವಿಲ್ಲದಂತೆ ಕೂರಿಸಿ, ಅವೆಲ್ಲವೂ ಒಂದು ಹಳೆಯ ಹಾರ್ಡ್ ಡಿಸ್ಕ್‌ನ ಮೇಲೆ ನಿಂತಿರುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಇರುಳುಪಾಳಿ · ಬುಧವಾರ, ರಾತ್ರಿ 8:45

ಚುಚ್ಚುವ ಮಾತಾದರೂ ನಿಜ. ಅದಕ್ಕೇ ಮೂರರಲ್ಲಿ ಒಂದು ಎಸ್‌ಎಸ್‌ಡಿ ಸರ್ವರ್‌ನಲ್ಲಿ, ಕುಬರ್ನೆಟಿಸ್‌ನ ಹೊರಗೆ, ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ಪ್ರತಿ (ಬದಲಾವಣೆಗಳನ್ನು ಸತತವಾಗಿ ಪಡೆಯುವ ನಕಲು) ಇಟ್ಟುಕೊಳ್ಳಿ. ಅಷ್ಟು ಮೆಮೊರಿಯನ್ನು ಕ್ಯೂಬ್‌ಲೆಟ್‌ಗೆ "ಇದು ನಿನ್ನದಲ್ಲ" ಎಂದು ಮೀಸಲಿಟ್ಟು ಹೇಳಿಬಿಡಿ. ಮುಖ್ಯ ಪೆಟ್ಟಿಗೆ ಸತ್ತರೆ ಪ್ರತಿಯನ್ನು ಕೈಯಾರೆ ಬಡ್ತಿ ಮಾಡುವುದು. ಅಭ್ಯಾಸವಿದ್ದರೆ ಹತ್ತು ನಿಮಿಷದ ಕೆಲಸ. ತಾನಾಗಿ ಬಡ್ತಿ ಕೊಡುವ ಕ್ಲೌಡ್‌ನೇಟಿವ್‌ಪಿಜಿ ಮುಂತಾದ ಆಪರೇಟರ್‌ಗಳಿವೆ, ಚೆನ್ನಾಗಿಯೂ ಇವೆ. ಆರು ತಿಂಗಳು ಈ ಕ್ಲಸ್ಟರ್‌ನೊಂದಿಗೆ ಬಾಳಿದ ಮೇಲೆ ನೋಡಿ.

ಈಗ ಅಸಲಿ ಕೆಲಸ. ನಿಯಂತ್ರಣ ಫಲಕಕ್ಕೆ ಹೋಗಿ ಎರಡನೆಯ ಸರ್ವರ್‌ನ ವಿದ್ಯುತ್ ಕಡಿಯಿರಿ. ಶಟ್‌ಡೌನ್ ಅಲ್ಲ, ಪವರ್ ಆಫ್. ಗಡಿಯಾರ ಹಿಡಿದು ಕುಳಿತುಕೊಳ್ಳಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ.

ನಾಲ್ಕುಪೆಟ್ಟಿಗೆ · ಶುಕ್ರವಾರ, ರಾತ್ರಿ 9:10

ಸೇವೆಗಳನ್ನೆಲ್ಲ ಸಾಗಿಸಿ, ಮುಖ್ಯವಾದವುಗಳಿಗೆ ಎರಡೆರಡು ಪ್ರತಿ ಕೊಟ್ಟು, ಇವತ್ತು ರಾತ್ರಿ ಎರಡನೆಯದರ ವಿದ್ಯುತ್ ಕಡಿದೆ. ಟಿಪ್ಪಣಿ ಹೀಗಿದೆ.

ಮೊದಲ 48 ಸೆಕೆಂಡು ಏನೂ ಆಗಲಿಲ್ಲ. ಸರ್ವರ್ ಸತ್ತಿದೆ, ಪಟ್ಟಿಯಲ್ಲಿ ಮಾತ್ರ "ರೆಡಿ". ಈ ಹೊತ್ತಿನಲ್ಲಿ ಎರಡು ಪ್ರತಿಗಳಿದ್ದ ಸೇವೆಗಳಿಗೂ ಸುಮಾರು ಅರ್ಧ ಕೋರಿಕೆಗಳು ಸೋತವು. ಆಮೇಲೆ "ನಾಟ್ ರೆಡಿ" ಬಂತು, ಸೋಲುವುದು ನಿಂತಿತು. ಆದರೆ ಒಂದೇ ಪ್ರತಿ ಇದ್ದ ಸೇವೆಗಳು ಏಳಲಿಲ್ಲ. ಎರಡು ನಿಮಿಷ. ಮೂರು ನಿಮಿಷ. ಸತ್ತ ಸರ್ವರ್‌ನ ಪಾಡ್‌ಗಳು "ರನ್ನಿಂಗ್" ಎಂದೇ ತೋರುತ್ತಿದ್ದವು! ಕೈ ತುರಿಸುತ್ತಿತ್ತು, ತಡೆದುಕೊಂಡೆ. ಸುಮಾರು ಆರನೆಯ ನಿಮಿಷಕ್ಕೆ ಎಲ್ಲವೂ ಬೇರೆ ಸರ್ವರ್‌ಗಳಲ್ಲಿ ಎದ್ದವು.

ಎಲ್ಲಕ್ಕಿಂತ ಮಜವೆಂದರೆ ಲಾಗಿನ್ ಸೇವೆಗೆ ಎರಡು ಪ್ರತಿ ಕೊಟ್ಟಿದ್ದೆ, ಎರಡೂ ಎರಡನೆಯ ಸರ್ವರ್‌ನಲ್ಲಿಯೇ ಕುಳಿತಿದ್ದವು. ಆರು ನಿಮಿಷ ಯಾರೂ ಲಾಗಿನ್ ಆಗಲಿಲ್ಲ.

ಮತ್ತೆ ಸರ್ವರನ್ನು ಎಬ್ಬಿಸಿದೆ. ಕ್ಲಸ್ಟರ್‌ಗೆ ಸೇರಿಕೊಂಡಿತು, ಆದರೆ ಖಾಲಿ ಕುಳಿತಿದೆ. ಓಡಿಹೋದ ಪಾಡ್‌ಗಳು ಹಿಂತಿರುಗಲಿಲ್ಲ.

ಧೈರ್ಯ ಬಂದು ಆಮೇಲೆ ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಆರಿಸಿದೆ. ಎಪಿಐ ಸರ್ವರ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಆದರೆ ಮೊದಲನೆಯದರಲ್ಲಿದ್ದ ಕಂಟೇನರ್‌ಗಳು ತಮ್ಮ ಪಾಡಿಗೆ ತಾವು ಓಡುತ್ತಲೇ ಇದ್ದವು. ಕೆಲವು ಕೋರಿಕೆಗಳು ಮಾತ್ರ ಸೋಲುತ್ತಿದ್ದವು.

ಇರುಳುಪಾಳಿ · ಶುಕ್ರವಾರ, ರಾತ್ರಿ 10:00

ಈ ಟಿಪ್ಪಣಿಗೆ ಬೆಲೆ ಕಟ್ಟಲಾಗದು.

ನೋಡ್‌ನಿಂದ ಸುದ್ದಿ ಬಾರದೆ ಎಷ್ಟು ಹೊತ್ತು ಕಾಯಬೇಕು ಎಂಬುದು ಹಿಂದೆ 40 ಸೆಕೆಂಡು ಇತ್ತು, 1.32ರಿಂದ 50. ಅದಾದ ಮೇಲೆ ಪ್ರತಿ ಪಾಡ್‌ಗೂ 300 ಸೆಕೆಂಡಿನ ಸಹನೆ ತಾನಾಗಿ ಅಂಟಿಕೊಂಡಿರುತ್ತದೆ; ಜಾಲ ಒಂದು ನಿಮಿಷ ತೊದಲಿದ್ದಕ್ಕೆಲ್ಲ ಮನೆ ಬದಲಿಸದಿರಲಿ ಎಂದು. ಎರಡೂ ಸೇರಿ ನಿಮ್ಮ ಆರು ನಿಮಿಷ. ಮುಖ್ಯ ಸೇವೆಗಳಿಗೆ ಆ ಸಹನೆಯನ್ನು 30 ಅಥವಾ 60ಕ್ಕೆ ಇಳಿಸಬಹುದು. ಎಲ್ಲಕ್ಕೂ ಇಳಿಸಿದರೆ ಸಣ್ಣ ಸೀನಿಗೂ ಇಡೀ ಊರು ಗುಳೆ ಹೊರಡುತ್ತದೆ.

ಲಾಗಿನ್ ಸೇವೆಗೆ "ಟೋಪಾಲಜಿ ಸ್ಪ್ರೆಡ್" ನಿಯಮ ಬರೆಯಿರಿ, ಪ್ರತಿಗಳು ಬೇರೆ ಬೇರೆ ಸರ್ವರ್‌ಗಳಲ್ಲಿ ಕೂರುತ್ತವೆ. ಶೆಡ್ಯೂಲರ್ ಹರಡಲು ನೋಡುತ್ತದೆ ನಿಜ, ಆದರೆ ಅದು ಆಣೆ ಮಾಡಿಲ್ಲ. ಕೂತ ಪಾಡನ್ನು ಮತ್ತೆ ಎಬ್ಬಿಸಿ ಸಮತೋಲನ ಮಾಡುವುದೂ ಅದರ ಕೆಲಸವಲ್ಲ. ಸರ್ವರ್ ಮರಳಿದ ಮೇಲೆ ರೋಲ್‌ಔಟ್ ರೀಸ್ಟಾರ್ಟ್ ಕೊಡಿ, ಹಂಚಿಕೊಳ್ಳುತ್ತವೆ.

ಎರಡು ಸತ್ತಾಗ ಆದದ್ದು ಮೊದಲ ದಿನ ಬರೆದ ಬಹುಮತದ ಲೆಕ್ಕ. ಹೊಸದೇನನ್ನೂ ಬರೆಯಲಾಗದು, ಹಳೆಯದು ನಡೆಯುತ್ತದೆ. ಸತ್ತ ಪಾಡ್‌ಗಳ ವಿಳಾಸವನ್ನು ಪಟ್ಟಿಯಿಂದ ತೆಗೆಯುವುದೂ ಒಂದು ಬರವಣಿಗೆಯೇ. ಅದು ಆಗದ್ದರಿಂದ ಕೆಲವು ಕೋರಿಕೆಗಳು ಸತ್ತವರ ಬಾಗಿಲು ತಟ್ಟುತ್ತಿದ್ದವು.

ಇನ್ನೆರಡು ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಕ್ಯೂಬ್‌ಎಡಿಎಂ ಕೊಡುವ ಸರ್ಟಿಫಿಕೇಟ್‌ಗಳ ಆಯುಸ್ಸು ಒಂದು ವರ್ಷ, ಅವುಗಳಿಗೆ ಸಹಿ ಹಾಕುವ ಸಿಎಗೆ ಹತ್ತು ವರ್ಷ. ಆವೃತ್ತಿ ಏರಿಸುವಾಗ ಒಂದು ವರ್ಷದವು ತಾವಾಗಿ ನವೀಕರಣಗೊಳ್ಳುತ್ತವೆ. "ಚೆನ್ನಾಗಿ ಓಡುತ್ತಿದೆ, ಮುಟ್ಟುವುದು ಬೇಡ" ಎಂದು ಒಂದು ವರ್ಷ ಬಿಟ್ಟ ಕ್ಲಸ್ಟರೊಂದಕ್ಕೆ ನನ್ನನ್ನು ಕರೆದಿದ್ದರು. ಸೇವೆಗಳೆಲ್ಲ ಓಡುತ್ತಿವೆ, ಆದರೆ ಯಾರಿಗೂ ಒಳಗೆ ಕಾಲಿಡಲಾಗುತ್ತಿಲ್ಲ. ನವೀಕರಿಸಿ, ಕಂಟ್ರೋಲ್ ಪ್ಲೇನ್ ಪಾಡ್‌ಗಳನ್ನು ಮರುಪ್ರಾರಂಭಿಸಿದ ಮೇಲೆಯೇ ಬಾಗಿಲು ತೆರೆಯಿತು. ಆವೃತ್ತಿ ಏರಿಸುವುದೂ ಮೆಟ್ಟಿಲು ಮೆಟ್ಟಿಲಾಗಿ; ನಡುವಿನ ಒಂದು ಮೈನರ್ ಆವೃತ್ತಿಯನ್ನೂ ಹಾರಲು ಕ್ಯೂಬ್‌ಎಡಿಎಂ ಬಿಡುವುದಿಲ್ಲ.

ಹೊಸಬ · ಶನಿವಾರ, ಬೆಳಿಗ್ಗೆ 10:20

ಇದನ್ನೆಲ್ಲ ಓದಿ ನಾನು ಮೂರು ಚಿಕ್ಕ ಯಂತ್ರಗಳಲ್ಲಿ ಕೆ3ಎಸ್ (ಕುಬರ್ನೆಟಿಸ್‌ನ ಹಗುರ ರೂಪ) ಹಾಕಿದೆ. ಮೊದಲನೆಯದರಲ್ಲಿ ಕ್ಲಸ್ಟರ್-ಇನಿಟ್ ಎಂಬ ಆಯ್ಕೆ ಕೊಟ್ಟು, ಉಳಿದೆರಡನ್ನು ಸೇರಿಸಿದೆ. ಫ್ಲಾನೆಲ್, ಹೊರಗಿನ ಕೋರಿಕೆಗಳನ್ನು ಸೇವೆಗಳಿಗೆ ತಲುಪಿಸುವ ಟ್ರೇಫಿಕ್ (Traefik) ಎಲ್ಲ ಒಳಗೇ ಬಂದವು. ಇಪ್ಪತ್ತು ನಿಮಿಷ. ನಾನೇನಾದರೂ ತಪ್ಪು ಮಾಡಿದೆನೇ?

ತಂತಿಜಾಲ · ಶನಿವಾರ, ಬೆಳಿಗ್ಗೆ 10:45

ಇಲ್ಲ. ನಾಲ್ಕುಪೆಟ್ಟಿಗೆ ಅವರಿಗೂ ಮೊದಲ ದಿನವೇ ನಾವು ಅದನ್ನು ಹೇಳಬಹುದಿತ್ತು. ಎಂಟಿಯು ಮಾತ್ರ ಅಳೆದುಬಿಡಿ.

ದತ್ತಾಂಶಪಾಲಕ · ಶನಿವಾರ, ಮಧ್ಯಾಹ್ನ 3:00

ನಾಲ್ಕುಪೆಟ್ಟಿಗೆ ಅವರೇ, ನಾಲ್ಕನೆಯ ಸರ್ವರ್‌ನ ವಿದ್ಯುತ್ ಕಡಿದಿರಾ? ಟಿಪ್ಪಣಿಯಲ್ಲಿ ಕಾಣಲಿಲ್ಲ.

ನಾಲ್ಕುಪೆಟ್ಟಿಗೆ · ಶನಿವಾರ, ಸಂಜೆ 5:30

ಇಲ್ಲ. ಧೈರ್ಯ ಸಾಲಲಿಲ್ಲ. ಸ್ಟ್ರೀಮಿಂಗ್ ಪ್ರತಿ ಸಿದ್ಧವಿದೆ, ಪ್ರತಿ ರಾತ್ರಿ ಡಂಪ್ (ಡೇಟಾಬೇಸ್‌ನ ಬ್ಯಾಕಪ್ ಕಡತ) ಕೂಡ ತೆಗೆಯುತ್ತೇನೆ.

ದತ್ತಾಂಶಪಾಲಕ · ಶನಿವಾರ, ಸಂಜೆ 5:40

ಹಾಗಾದರೆ ಮೊದಲು ಆ ಡಂಪನ್ನು ಒಂದು ಖಾಲಿ ಪೋಸ್ಟ್‌ಗ್ರೆಸ್‌ಗೆ ಸುರಿದು ನೋಡಿ.

ನಾಲ್ಕುಪೆಟ್ಟಿಗೆ · ಭಾನುವಾರ, ಬೆಳಿಗ್ಗೆ 11:15

ಸುರಿದೆ. ಕೋಷ್ಟಕಗಳೆಲ್ಲ ಬಂದವು, ಸಾಲುಗಳ ಲೆಕ್ಕವೂ ಸರಿಹೋಯಿತು. ಆದರೆ ಒಂದು ಸೇವೆಯೂ ಒಳಗೆ ಹೋಗಲಾಗಲಿಲ್ಲ. ಬಳಕೆದಾರರೇ ಇಲ್ಲ! ಪಿಜಿ-ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ, ರೋಲ್‌ಗಳು (ಬಳಕೆದಾರ ಖಾತೆಗಳು) ಅದರ ಹೊರಗಿವೆ. ಎರಡು ವರ್ಷಗಳಿಂದ ಪ್ರತಿ ರಾತ್ರಿ ಹೀಗೆಯೇ ತೆಗೆದಿಡುತ್ತಿದ್ದೆ.

ಪಿಜಿ-ಡಂಪ್‌ಆಲ್‌ನಲ್ಲಿ ಗ್ಲೋಬಲ್ಸ್ (ರೋಲ್‌ಗಳಂಥವು) ಮಾತ್ರ ತೆಗೆಯುವ ಸಾಲೊಂದನ್ನು ರಾತ್ರಿಯ ಕೆಲಸಕ್ಕೆ ಸೇರಿಸಿ, ಮತ್ತೆ ಖಾಲಿಯಿಂದ ಸುರಿದೆ. ಈ ಬಾರಿ ಸೇವೆಗಳು ಒಳಗೆ ಹೋದವು. ಎಲ್ಲ ಸೇರಿ 14 ನಿಮಿಷ.

ಈಗ ನಾಲ್ಕನೆಯದರ ನಿಯಂತ್ರಣ ಫಲಕ ತೆರೆದು ಕುಳಿತಿದ್ದೇನೆ. ಗಡಿಯಾರ ಪಕ್ಕದಲ್ಲಿದೆ.

ಸರಳಜೀವಿ · ಭಾನುವಾರ, ಬೆಳಿಗ್ಗೆ 11:20

ಒತ್ತಿ. ನಾವೂ ನೋಡುತ್ತಿದ್ದೇವೆ.

ನಾಲ್ಕುಪೆಟ್ಟಿಗೆ · ಭಾನುವಾರ, ಬೆಳಿಗ್ಗೆ 11:41

ಕಡಿದದ್ದು 11:22ಕ್ಕೆ. ಪ್ರತಿಗೆ ಬಡ್ತಿ ಕೊಟ್ಟದ್ದು 11:26ಕ್ಕೆ. ಉಳಿದ ಹತ್ತು ನಿಮಿಷ ಹೋದದ್ದು ಡೇಟಾಬೇಸ್‌ನ ವಿಳಾಸವನ್ನು 11 ಸೇವೆಗಳಲ್ಲೂ ಒಂದೊಂದಾಗಿ ಬದಲಿಸಲು. ಎಲ್ಲದರಲ್ಲೂ ಐಪಿಯನ್ನೇ ಬರೆದಿಟ್ಟಿದ್ದೆ.

ಇರುಳುಪಾಳಿ · ಭಾನುವಾರ, ಬೆಳಿಗ್ಗೆ 11:44

ಅಲ್ಲಿಯೂ ಹೆಸರು ಕೊಡಿ.